ಹೊನ್ನೂರಮ್ಮನ ಹೊಲದ ಜ್ವರ

9 ಫೆಬ್ರವರಿ 1988, ಸಂತೆಕಲ್ಲೂರು ಕ್ಯಾಂಪ್

ಮತ್ತೆ ಕಲ್ಲು ಕೊರೆಯುವ ಬಿಟ್ ಸವೆಯಿತು. ಇಡೀ ದಿನ ರಾಡ್ ಎಳೆಯುವುದೇ ಆಯಿತು. ಒಂದೊಂದೇ ಬಿಚ್ಚು, ಒರಗಿಸು, ಬಿಟ್ ಬದಲಿಸು, ಮತ್ತೆ ಒಂದೊಂದೇ ಇಳಿಸು. ಡ್ರಿಲ್ಲರ್ ಮಸ್ತಾನಸಾಬನಿಗೆ ಬೇಸರ ಅನ್ನುವುದೇ ಇಲ್ಲ. ರಾಡಿಗೂ ಬೈಯುತ್ತಾನೆ, ನನಗೂ ಬೈಯುತ್ತಾನೆ — ಎರಡೂ ಒಂದೇ ದನಿಯಲ್ಲಿ. ಮೇಲೆ ಬಂದ ಕಲ್ಲಿನ ತುಂಡು ತೊಳೆದು, ನಂಬರ್ ಬರೆದು, ಪೆಟ್ಟಿಗೆಯಲ್ಲಿ ಜೋಡಿಸುವುದು ನನ್ನ ಕೆಲಸ. ನಿನ್ನೆಯೂ ಕೆಂಪು ಮಿಶ್ರಿತ ಬೂದಿ ಕಲ್ಲು. ಇವತ್ತೂ ಅದೇ.

ಸಂಜೆ ಬೋರಿನಿಂದ ಉಕ್ಕಿ ಬರುವ ನೀರಿಗೆ ಕೈಯಿಟ್ಟೆ. ಬೆಚ್ಚಗೆ! ಕೂಗಿಬಿಟ್ಟೆ. ಮಸ್ತಾನಸಾಬ ಬಾಯಿಂದ ಬೀಡಿ ತೆಗೆಯದೆಯೇ ನಕ್ಕ.

"ಅರೆ ಹುಚ್ಚಾ, ಅದು ಬಿಟ್ ತಿಕ್ಕಿದ ಬಿಸಿ. ಎರಡು ಅಂಗೈ ಉಜ್ಜಿ ನೋಡು, ಅಲ್ಲೂ ಬಿಸಿ ಬರತೈತಿ. ಹಂಗಂತ ನಿನ್ನ ಅಂಗೈಯಾಗ ಕರೆಂಟ್ ತಗೀತಾರೇನು?"

ಗೊತ್ತು. ಆದರೂ ಖುಷಿಯಾಯಿತು, ಏನು ಮಾಡಲಿ. ಈ ಬಿಸಿಗೇ ಅಲ್ಲವೇ ಹೈದರಾಬಾದಿನಿಂದ ಇಷ್ಟು ದೊಡ್ಡ ಮಶೀನು ಬಂದದ್ದು. ಇಲ್ಲಿ ಬಿಸಿನೀರಿನ ಬುಗ್ಗೆ ಇಲ್ಲ, ಏನಿಲ್ಲ. ಬರೀ ಒಣ ಕಲ್ಲು. ಅದರ ಹೊಟ್ಟೆಯಲ್ಲಿ ಕಾವು ಇದ್ದರೆ ಒಂದು ಬೋರಿನಲ್ಲಿ ನೀರು ಬಿಟ್ಟು ಇನ್ನೊಂದರಲ್ಲಿ ಹಬೆ ತೆಗೆಯಬಹುದು, ಹಬೆಯಿಂದ ಕರೆಂಟ್ — ಕ್ಯಾಂಪ್ ನೋಡಿಕೊಳ್ಳುವ ತೆಲುಗಿನ ಸಾಹೇಬರು ಹೀಗೆ ಹೇಳುತ್ತಾರೆ. ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಇದ್ದವನು. "ಕೆಳಗ ಇಳಿದಂಗ ಕಲ್ಲು ಬೆವರತೈತಲೇ" ಎನ್ನುತ್ತಿದ್ದ. ಸಾಹೇಬರ ಮಾತಿಗಿಂತ ಅಪ್ಪನ ಮಾತೇ ನನಗೆ ಹೆಚ್ಚು.

ಬಿಸಿ ಸಿಕ್ಕರೆ ಕ್ಯಾಂಪ್ ಇಲ್ಲೇ ನಿಲ್ಲುತ್ತದೆ. ನಾನು ದಿನಗೂಲಿ ಹೋಗಿ ಕಾಯಂ ಆಗುತ್ತೇನೆ. ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಅವ್ವ ಆಗಲೇ ಹೇಳಿಕೊಂಡು ತಿರುಗುತ್ತಿದ್ದಾಳೆ — ನಮ್ಮ ಲಾಲಪ್ಪ ಬಿಸಿ ಹುಡುಕೋ ಆಫೀಸಿನಾಗ ಅದಾನ ಅಂತ. ಕೇಳಿದವರು ಏನು ತಿಳಿದುಕೊಂಡರೋ.

12 ಫೆಬ್ರವರಿ

ನಾವು ಕೊರೆಯುತ್ತಿರುವ ಹೊಲದ ಒಡತಿ ಹೊನ್ನೂರಮ್ಮ ಬಂದಿದ್ದಳು. ಮುಂದೆ ಕುರಿ, ಹಿಂದೆ ಆಕೆ, ತಲೆಯ ಮೇಲೆ ಕೊಡ. ಈ ಕಡೆಯ ಹತ್ತಾರು ಗುಡಿಸಲಿನವರೆಲ್ಲ ಕುಡಿಯುವ ನೀರಿಗೆ ಹಳ್ಳಕ್ಕೇ ಹೋಗಬೇಕು. ಉಸುಕು ತೋಡಿ, ಒಸರಿದ್ದನ್ನು ಬಟ್ಟಲಲ್ಲಿ ತುಂಬಿಕೊಂಡು ಬರುವುದು.

ಬಾಯಾರಿತ್ತು. ನೀರು ಕೇಳಿದೆ.

"ಯಾರ ಪೈಕಿ ತಮ್ಮಾ ನೀನು?"

ಹೇಳಿದೆ. ಹೇಳುವುದಕ್ಕೆ ನಾಚಿಕೆ ಏನು. ಮನೆಯಲ್ಲಿ ಬುದ್ಧನ ಫೋಟೊ ಇಟ್ಟಿದ್ದೇವೆ ಎಂದೂ ಹೇಳಿದೆ. "ಹೂಂ" ಎಂದಳು. ಕೆಟ್ಟ ಮಾತೇನೂ ಆಡಲಿಲ್ಲ. ಕೊಡ ಎತ್ತಿ ಹಿಡಿದಳು. ನಾನು ಬಗ್ಗಿ ಬೊಗಸೆ ಒಡ್ಡಿದೆ. ಮೇಲಿಂದ ಹಾಕಿದಳು. ಮಸ್ತಾನಸಾಬನಿಗೆ ಮಾತ್ರ ತಂಬಿಗೆಯನ್ನೇ ಕೈಗೆ ಕೊಟ್ಟಳು. ಸಿಟ್ಟು ಬಂತು. ಬಾಯಾರಿಕೆ ಅದಕ್ಕಿಂತ ಜಾಸ್ತಿ ಇತ್ತು. ಕುಡಿದೆ.

ಅಷ್ಟರಲ್ಲಿ ಸಾಹೇಬರ ಜೀಪ್. ಹೊನ್ನೂರಮ್ಮ ಸೆರಗು ಸರಿಮಾಡಿಕೊಂಡು ನೇರ ಅವರ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಬಿಸಿ ಸಿಗಲಿಲ್ಲಂದ್ರ ಈ ಬೋರು ನಮಗ ಬಿಡ್ತೀನಿ ಅಂದೀರಿ. ಮರೀಬ್ಯಾಡ್ರಿ ಮತ್ತ."

"ಮರೆಯೋದಿಲ್ಲಮ್ಮಾ. ಬಿಸಿ ಲೇದು ಅಂದ್ರೆ ಬೋರು ನಿಮ್ದೇ. ಮಂಡಲ ಪಂಚಾಯತಿಗೆ ಹೇಳ್ತೀನಿ, ಕೈಪಂಪ್ ಕೂಡಿಸ್ತಾರೆ."

"ಸಿಕ್ರ?"

"ಸಿಕ್ಕಿದ್ರೆ ಸರ್ಕಾರ ಬೇಲಿ ಹಾಕುತ್ತೆ."

ನೂರಡಿಯ ಹತ್ತಿರ ಕಲ್ಲಿನ ಬಿರುಕಿನಲ್ಲಿ ನೀರು ಸಿಕ್ಕಿದ್ದನ್ನು ಆಕೆ ಕಣ್ಣಾರೆ ನೋಡಿದ್ದಾಳೆ. ಬೊಗಸೆಯಲ್ಲಿ ಹಿಡಿದು ರುಚಿ ಕೂಡ ನೋಡಿದ್ದಾಳೆ. ಸಿಹಿ ನೀರು. ನನಗೆ ಈ ಕಲ್ಲು ಬಿಸಿ ಇರಬೇಕು, ಆಕೆಗೆ ತಣ್ಣಗಿರಬೇಕು. ಬೋರು ಒಂದೇ.

19 ಮಾರ್ಚ್

ನಿನ್ನೆ ಯುಗಾದಿ. ಇವತ್ತು ಕೊರೆಯುವ ರಿಗ್ ಬಿಚ್ಚಿ ಲಾರಿಗೆ ಹೇರಿದರು. ಮುನ್ನೂರು ಮೀಟರ್ ಮುಗಿಯಿತು. ಮಸ್ತಾನಸಾಬ ಲಾರಿ ಹತ್ತುತ್ತ, "ಬಿಸಿ ಸಿಕ್ರ ಅದರ ಮ್ಯಾಲ ಚಾ ಕಾಸಿ ಕುಡೀ, ನನ್ನ ನೆನಸು" ಎಂದ. ಬೈಯುವವನು ಹೋದ ಮೇಲೆ ಕ್ಯಾಂಪ್ ಬಣಬಣ.

ಈಗ ಕಾಯಬೇಕು. ಕೊರೆದು ಕೊರೆದು ಕಲ್ಲಿನ ಕಾವು ಏರುಪೇರಾಗಿದೆ. ಅದು ತನ್ನ ಪಾಡಿಗೆ ಸರಿಹೋಗಿ, ಅದರ ಸ್ವಂತ ಕಾವು ಒಳಗಿನ ನೀರಿಗೆ ಬರುವವರೆಗೆ ಬೋರನ್ನು ಯಾರೂ ಮುಟ್ಟಬಾರದು. ಮಳೆಗಾಲ ಶುರುವಾಗುವ ತನಕ. ಕಾಯಲು ನಾನೊಬ್ಬ. ಡೇರೆ, ಸ್ಟೋವ್, ರೇಡಿಯೋ. ಪೈಪಿನ ಬಾಯಿಗೆ ತಗಡಿನ ಮುಚ್ಚಳ. ಒಂದು ಹನಿ ನೀರು ಕೂಡ ಎತ್ತಬಾರದೆಂದು ಸುತ್ತಲಿನ ಎಲ್ಲರಿಗೂ ಹೇಳಿ ಬಂದೆ.

ಹೊನ್ನೂರಮ್ಮ ಕೇಳಿದಳು — "ಇಷ್ಟ್ ದಿನ ಕಾಯ್ದು ಏನ್ ನೋಡ್ತೀರೋ?"

ನನಗೆ ತಮಾಷೆ. "ಭೂಮಿತಾಯಿಗೆ ಜ್ವರ ಐತೇನು ಅಂತ ನೋಡ್ತೀವಿ ಯಮ್ಮಾ. ದವಾಖಾನ್ಯಾಗ ಬಾಯಾಗ ಥರ್ಮಾಮೀಟರ್ ಇಡ್ತಾರಲ್ಲ, ಹಂಗ. ಉದ್ದನ್ನ ವೈರಿಗೆ ಕಟ್ಟಿ ಇಳಿಬಿಡ್ತೀವಿ."

"ಜ್ವರ ಇದ್ರ?"

"ಇದ್ರ ನಮಗ ಹಬ್ಬ."

"ತಾಯಿಗೆ ಜ್ವರ ಬಂದ್ರ ಹಬ್ಬ ಮಾಡ್ತೀರೇನೋ ಮೂಳ!"

ಬೈದುಕೊಂಡೇ ಕುರಿ ಹಿಂದೆ ಹೋದಳು. ನಾನು ಬಹಳ ಹೊತ್ತು ನಗುತ್ತಿದ್ದೆ.

3 ಮೇ

ಬಿಸಿಲು. ಡೇರೆಯೊಳಗೆ ಕೂರಲಾಗುವುದಿಲ್ಲ, ಹೊರಗೆ ನಿಲ್ಲಲಾಗುವುದಿಲ್ಲ. ಭೂಮಿಯ ಒಳಗಿನ ಬಿಸಿ ಹುಡುಕಲು ಇಷ್ಟು ಖರ್ಚು ಯಾಕೆ ಮಾಡುತ್ತಾರೋ, ಮೇಲಿರುವುದೇ ಸಾಕಲ್ಲ.

ಭಾನುವಾರ ಲಿಂಗಸುಗೂರಿಗೆ ಹೋಗಿದ್ದೆ. ಅವ್ವ ಜೋಗಮ್ಮನ ಮೊದಲ ಮಾತು "ಕಾಯಂ ಆತೇನು?" ಎರಡನೆಯದು "ಉಂಡಿಯೇನು?" ಬಸ್ಸು ಹತ್ತುವಾಗ ಮತ್ತೆ "ಕಾಯಂ..." ಸಿಡುಕಿಬಿಟ್ಟೆ. ಮಸ್ಕಿ ತನಕ ಕಿಟಕಿಯ ಹೊರಗೆ ನೋಡುತ್ತ ಬಂದೆ, ಬೇಜಾರು.

ಹೊನ್ನೂರಮ್ಮ ಈಗ ಹಳ್ಳಕ್ಕೆ ಒಂದು ಸಲ ಹೆಚ್ಚಿಗೆ ಹೋಗುತ್ತಾಳೆ. ಬೇಸಿಗೆ, ಕುರಿ ಜಾಸ್ತಿ ಕುಡಿಯುತ್ತವೆ ಏನೋ. ಬೆಳಗ್ಗೆ ನಾನು ಬಯಲಿಗೆ ಹೋಗಿ ಬರುವಾಗ ಬೋರಿನ ಹತ್ತಿರ ಕೂತಿರುತ್ತಾಳೆ. ಒಬ್ಬಳೇ. ಯಾರೂ ನೀರು ಎತ್ತದಂತೆ ಕಾವಲು ಕಾಯುತ್ತಾಳೆ ಅಂದುಕೊಂಡಿದ್ದೇನೆ. ಬೇಕಾದ ನೀರು ಕಾಲ ಕೆಳಗೇ ಇದೆ, ಮುಟ್ಟುವುದಿಲ್ಲ. ಮೆಚ್ಚಬೇಕು.

20 ಜೂನ್

ಅಯ್ಯೋ ದೇವರೇ.

ಸಾಹೇಬರು ಬೆಳಗ್ಗೆಯೇ ಬಂದರು. ರಾಟೆ ಕೂಡಿಸಿ, ವೈರಿನ ತುದಿಗೆ ಥರ್ಮಾಮೀಟರ್ ಕಟ್ಟಿ ಇಳಿಸಿದೆವು. ಸ್ವಲ್ಪ ಇಳಿಸು, ನಿಲ್ಲು, ಮೇಲಿಟ್ಟ ಮೀಟರಿನ ಮುಳ್ಳು ಅಲುಗಾಡುವುದು ನಿಂತ ಮೇಲೆ ಓದು, ಮತ್ತೆ ಇಳಿಸು. ಮೇಲಿನ ನೂರಡಿ ಮುಳ್ಳು ಹುಚ್ಚುಹುಚ್ಚಾಗಿ ಆಡಿತು. ಅದರ ಕೆಳಗೆ ಶಾಂತ. ತಳದವರೆಗೂ ಬರೀ ಮೂವತ್ತೆರಡು, ಮೂವತ್ತಮೂರು ಡಿಗ್ರಿ. ಐವತ್ತರ ಹತ್ತಿರ ಬರುತ್ತದೆ ಅಂತ ನಾನು ಎದೆ ಬಡಿದುಕೊಳ್ಳುತ್ತ ಕೂತಿದ್ದೆ.

ಮೇಲೆ ಎಳೆದಾಗ ಥರ್ಮಾಮೀಟರಿಗೆ ಬೇವಿನ ಎಲೆ ಅಂಟಿಕೊಂಡಿತ್ತು. ಅರಿಶಿನ. ಹುಳಿ ಮಜ್ಜಿಗೆಯ ವಾಸನೆ.

ಸಾಹೇಬರು ಎಲೆ ಬಿಡಿಸಿ ಅಂಗೈ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು. ನನಗೆ ಒಮ್ಮೆಲೇ ಎಲ್ಲ ಹೊಳೆಯಿತು. ಜ್ವರ! ಮನೆಯಲ್ಲಿ ಮಗುವಿಗೆ ಅಮ್ಮ, ಅಂದರೆ ಸಿಡುಬು, ಎದ್ದಾಗ ತಂಪಿಗೆಂದು ಮಾಡುವುದನ್ನೆಲ್ಲ ಆ ಹೆಂಗಸು ಈ ಬೋರಿಗೆ ಮಾಡಿದ್ದಾಳೆ. ಎತ್ತಬೇಡ ಎಂದಿದ್ದೆ, ಎತ್ತಲಿಲ್ಲ. ಹಾಕಬೇಡ ಎಂದು ಹೇಳಿರಲೇ ಇಲ್ಲ. ಈ ಬೇಸಿಗೆಯಲ್ಲಿ ಕಂಡವರ ಬೋರಿಗೆ ನೀರು ಹಾಕುತ್ತಾರೆಂದು ಯಾರಿಗೆ ಹೊಳೆಯಬೇಕು?

ಸಾಹೇಬರು ಬೈದರು, ಎಲ್ಲ ತೆಲುಗಿನಲ್ಲಿ. ತಲೆ ತಗ್ಗಿಸಿ ನಿಂತಿದ್ದೆ. ಆಮೇಲೆ ಸಿಟ್ಟು ಇಳಿಯಿತು. ಜೀಪಿನ ನೆರಳಿಗೆ ಕರೆದು ಮೆಲ್ಲಗೆ ಹೇಳಿದರು.

"ನೋಡು ಲಾಲಪ್ಪಾ, ಇದೂ ಒಂಥರಾ ಒಳ್ಳೇದೇ ಆಯ್ತು. ಬೋರು ಡಿಸ್ಟರ್ಬ್ ಆಗಿದೆ, ಇನ್ನೊಂದು ವರ್ಷ ಕಾಯಬೇಕು ಅಂತ ಹೈದರಾಬಾದಿಗೆ ಹೇಳ್ತೀನಿ. ಕ್ಯಾಂಪ್ ಉಳಿಯುತ್ತೆ. ಅಷ್ಟರಲ್ಲಿ ನಿಂದೂ ಕಾಯಂ ಆಗಬಹುದು. ಏನಂತೀಯಾ, ಏಮಂಟಾವ್?"

ಬಚಾವ್ ಅನಿಸಿತು. ಸುಳ್ಳು ಯಾಕೆ ಬರೆಯಲಿ, ಕುಣಿಯುವಷ್ಟು ಖುಷಿ. ಹೂಂ ಎಂದೆ.

21 ಜೂನ್

ಪೈಪಿಗೆ ಬೀಗ ಹಾಕಿಸಿದೆ. ಹೊನ್ನೂರಮ್ಮ ಎಂದಿನಂತೆ ಬೆಳಗ್ಗೆ ಬಂದಳು, ಬೀಗ ನೋಡಿ ನಿಂತಳು. ಕೊಡದಲ್ಲಿ ಬೇವಿನ ಸೊಪ್ಪು ತೇಲುತ್ತಿತ್ತು.

"ದಿನಾ ಹಾಕಿದ್ಯೇನು ಯಮ್ಮಾ?"

"ದಿನಾ ಒಂದ್ ಕೊಡ. ಮಂಗಳವಾರ ಶುಕ್ರವಾರ ಜರಾ ಮಜ್ಜಿಗಿ."

"ತಣ್ಣಗಾದ್ರ ಬೋರು ನಿನಗ ಸಿಗತೈತಿ ಅಂತ ಹಾಕಿದಿ, ಹೌದಿಲ್ಲೋ?"

ಮುಖ ಕೆಂಪಾಯಿತು ಆಕೆಗೆ. "ಜ್ವರ ಬಂದಾಕಿ ಮುಂದ ಕುಂತು ಯಾರರ ವ್ಯಾಪಾರ ಮಾಡ್ತಾರೇನೋ?" ಎಂದಳು. ಆಮೇಲೆ ತಾನೇ ನಕ್ಕು — "ಅದೂ ಇತ್ತು ಅನ್ನು. ಎರಡೂ ಇತ್ತು."

ನನಗೂ ನಗು ಬಂತು. ಆದರೆ ಮುಂದಿನದ್ದು ಹೇಳಲೇಬೇಕಿತ್ತು. ಇನ್ನೊಂದು ವರ್ಷ ಕಾಯಬೇಕು, ಅಲ್ಲಿಯ ತನಕ ಬೋರು ಯಾರಿಗೂ ಇಲ್ಲ ಎಂದೆ. ಕೊಡ ಕೆಳಗಿಟ್ಟಳು.

"ನಾ ನೀರ್ ಹಾಕಿದ್ದಕ್ಕ ಹಿಂಗಾತೇನು?"

"ಹೂಂ."

ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. ಕೊಡ ಎತ್ತಿಕೊಂಡು ಹೋದಳು.

22 ಜೂನ್

ಆ ಹೂಂ ಸುಳ್ಳು. ಆಕೆ ಸುರಿದ ನೀರೆಲ್ಲ ನೂರಡಿಯ ಬಿರುಕಿನಲ್ಲೇ ಹರಿದುಹೋಗಿದೆ. ಮೇಲಿನ ಓದು ಕೆಟ್ಟಿದೆ, ಕೆಳಗಿನದು ಕೆಟ್ಟಿಲ್ಲ. ಕಲ್ಲು ತಣ್ಣಗಿದೆ, ಅಷ್ಟೇ. ಸಾಹೇಬರಿಗೂ ಗೊತ್ತಿರಬೇಕು. ನನಗಂತೂ ಗೊತ್ತು.

ಇರಲಿ. ಒಂದು ವರ್ಷ ತಾನೇ. ಇಷ್ಟು ವರ್ಷ ಹಳ್ಳದ ನೀರು ಕುಡಿದವರಿಗೆ ಇನ್ನೊಂದು ವರ್ಷ ಏನು ಮಹಾ.

ಬೇಯಿಸಿದ ಅನ್ನವನ್ನು ಕಾಗೆಗಳಿಗೆ ಹಾಕಿದೆ.

30 ಆಗಸ್ಟ್

ಮಳೆ ಚೆನ್ನಾಗಿ ಆಗಿದೆ. ಹಳ್ಳ ತುಂಬಿ ಕೆಂಪು ನೀರು. ಉಸುಕು ತೋಡುವ ಜಾಗವೆಲ್ಲ ಮುಳುಗಿದೆ. ಆ ಕೆಂಪು ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಗುಡಿಸಲುಗಳಲ್ಲಿ ವಾಂತಿಭೇದಿ. ಹೊನ್ನೂರಮ್ಮನ ಸೊಸೆಯನ್ನು ಬಂಡಿಯಲ್ಲಿ ಹಾಕಿಕೊಂಡು ಮಸ್ಕಿ ದವಾಖಾನೆಗೆ ಹೋದರು. ಬದುಕಿದಳು, ಪುಣ್ಯ.

ಈ ಕಡೆ ಆಕೆ ಬರುವುದನ್ನೇ ಬಿಟ್ಟಿದ್ದಾಳೆ. ಕುರಿಗಳನ್ನು ಕೂಡ ದೂರದಿಂದಲೇ ತಿರುಗಿಸಿಕೊಂಡು ಹೋಗುತ್ತಾಳೆ. ಇವತ್ತು ನಾನೇ ಅಡ್ಡ ಹೋಗಿ ಸೊಸೆ ಹೇಗಿದ್ದಾಳೆಂದು ಕೇಳಿದೆ.

"ಅದಾಳ. ನನ್ನ ಕೈಯಾರ ನಾನ ಕೆಡಿಸ್ಕೊಂಡೆ ತಮ್ಮಾ. ಓಣ್ಯಾಗ ಎಲ್ಲಾರೂ ಅದನ್ನ ಅಂತಾರ. ಈ ಮುದುಕಿ ನೀರು ಹಾಕದಿದ್ರ ಇಷ್ಟೊತ್ತಿಗೆ ಪಂಪ್ ಬರತಿತ್ತು ಅಂತಾರ. ಖರೇನ ಐತಿ."

ಖರೆ ಅಲ್ಲ ಯಮ್ಮಾ ಎನ್ನಬೇಕಿತ್ತು. ದಾರಿ ಬಿಟ್ಟು ಡೇರೆಗೆ ಬಂದೆ. ನನ್ನಂಥ ಹೇಡಿ ಇನ್ನೊಬ್ಬ ಇಲ್ಲ.

17 ಸೆಪ್ಟೆಂಬರ್

ಸಾಹೇಬರು ಬಂದಿದ್ದರು. ಇನ್ನೊಮ್ಮೆ ಇಳಿಸಿ ನೋಡೋಣ ಎಂದು ನಾನೇ ಹಟ ಹಿಡಿದೆ. ಬೀಗ ತೆಗೆದು ಇಳಿಸಿದೆವು. ಬಿರುಕಿನ ಕೆಳಗೆ, ತಳದ ತನಕ, ಜೂನ್‌ನಲ್ಲಿ ಎಷ್ಟಿತ್ತೋ ಅಷ್ಟೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಸಾರ್, ಕೆಳಗ ಅವತ್ತಿಂದೂ ಇವತ್ತಿಂದೂ ಒಂದ ಐತ್ರಿ."

"ಕಾಣುತ್ತಯ್ಯಾ. ನನಗೂ ಕಣ್ಣಿದೆ."

"ಹಂಗಾದ್ರ ತಣ್ಣಗೈತಿ ಅಂತ ಹೇಳಿಬಿಡ್ರಿ."

ಕನ್ನಡಕ ತೆಗೆದು ಒರೆಸಿಕೊಂಡರು. "ಹೇಳಿದ ತಿಂಗಳೇ ಕ್ಯಾಂಪ್ ಎತ್ತುತ್ತಾರೆ. ನಿನ್ನ ಕೆಲಸ?"

"ಆ ಯಮ್ಮ ತಾನ ಕೆಡಿಸೀನಿ ಅಂತ ತಿಳಕೊಂಡಾಳ್ರಿ. ಓಣಿ ಮಂದಿ ಬೈಯಾಕತ್ತಾರ. ನಾನ ಹೂಂ ಅಂದು ಕುಂತೀನಿ. ನನ್ನಿಂದ ಆಗವಲ್ದು ಸಾರ್."

ಬೋರಿನ ಬಾಯಿಗೆ ಬಗ್ಗಿ ಒಳಗೆ ನೋಡಿದರು. ಇವರಿಗೂ ಈ ಬೋರಿನ ಮೇಲೆ ಆಸೆ ಇತ್ತು, ನನಗಿಂತ ಹೆಚ್ಚೇ ಇತ್ತು. ಅದು ಆಗ ತಿಳಿಯಿತು. ಕೊನೆಗೆ "ಸರೆ" ಎಂದರು. "ಮಂಡಲ ಪಂಚಾಯತಿಗೆ ಇವತ್ತೇ ಹೋಗ್ತೀನಿ. ಆ ಅಮ್ಮನಿಗೆ ನೀನೇ ಹೇಳು."

ಹೇಳಲು ಹೋದೆ. ಕುರಿ ಹಟ್ಟಿಯಲ್ಲಿ ಕಸ ಗುಡಿಸುತ್ತಿದ್ದಳು.

"ಯಮ್ಮಾ, ಬೋರು ನಿಮಗ ಬಂತು. ಕಲ್ಲು ಮೊದಲಿಂದ್ಲೂ ತಣ್ಣಗ ಇತ್ತು. ನೀ ನೀರು ಹಾಕಿದ್ದಕ್ಕ ಏನೂ ಆಗಿಲ್ಲ."

ಪೊರಕೆ ನಿಂತಿತು. "ಮತ್ತ ಅವತ್ತು ಹೂಂ ಅಂದಿ?"

"ಸುಳ್ಳು ಹೇಳಿದೆ."

"ಯಾಕ?"

"ನೌಕರಿ."

"ಈಗ?"

"ಈಗ ಇಲ್ಲ."

ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಉಗಿಯುತ್ತಾಳೆ ಅಂದುಕೊಂಡೆ. "ಜ್ವರ ಇಲ್ಲಂದ್ರ ಛಲೋ ಆತು ಬಿಡು" ಎಂದಳು. ಮತ್ತೆ ಗುಡಿಸತೊಡಗಿದಳು. ಅಷ್ಟೇ! ಒಂದು ಒಳ್ಳೆಯ ಮಾತಿಲ್ಲ, ಒಂದು ಬೈಗುಳವೂ ಇಲ್ಲ. ಡೇರೆಗೆ ಬರುವ ತನಕ ಒಳಗೊಳಗೇ ಗೊಣಗುತ್ತಿದ್ದೆ.

15 ಅಕ್ಟೋಬರ್, ಲಿಂಗಸುಗೂರು

ಡೇರೆ ಬಿಚ್ಚಿ ಕೊಟ್ಟು ಬಂದೆ. ಕಲ್ಲಿನ ಪೆಟ್ಟಿಗೆಗಳೆಲ್ಲ ಹೈದರಾಬಾದಿಗೆ ಹೋದವು. ನನ್ನ ಕೈಬರಹದ ನಂಬರುಗಳೂ ಹೋದವು.

ಅವ್ವನಿಗೆ ಹೇಳಿದೆ. ಕಾಯಂ ಮಾತು ಎತ್ತಲಿಲ್ಲ. ರೊಟ್ಟಿ ಬಡಿಯುತ್ತ ಕೇಳಿದ್ದು ಒಂದೇ — "ಅಂದ್ರ ನಿಮ್ಮಪ್ಪ ಹೇಳಿದ್ದು ಸುಳ್ಳೇನು?"

"ಇಲ್ಲವ್ವಾ. ಅಪ್ಪ ಇಳಿದಷ್ಟು ಆಳಕ್ಕ ನಾವು ಇಳೀಲಿಲ್ಲ."

ಸಮಾಧಾನವಾಯಿತು ಆಕೆಗೆ. ನನಗೆ ಅಳು ಬಂತು. ಹೊಗೆ ಎಂದು ಹೇಳಿ ಹೊರಗೆ ಬಂದೆ.

11 ಡಿಸೆಂಬರ್, ಸಿಂಧನೂರು

ಗಿಡ್ಡಪ್ಪನ ಅಂಗಡಿಯಲ್ಲಿ ಮೋಟಾರ್‌ಗೆ ತಂತಿ ಸುತ್ತುವ ಕೆಲಸ. ಕಾಲುವೆ ಸೀಮೆ, ಗದ್ದೆಗಳಿಗೆ ಪಂಪ್‌ಸೆಟ್ಟು, ಸುಟ್ಟು ಬರುವುದಕ್ಕೇನು ಕಮ್ಮಿಯಿಲ್ಲ. ವಳಕಮದಿನ್ನಿಯಿಂದ ಬಂದ ಮೋಟಾರನ್ನು ಸಂಜೆಯ ತನಕ ಬಿಚ್ಚಿದೆ. ಬೆರಳಿಗೆಲ್ಲ ವಾರ್ನಿಷ್ ವಾಸನೆ, ಉಣ್ಣುವಾಗಲೂ ಅದೇ. ಇಲ್ಲಿ ಎಲ್ಲಿ ನೋಡಿದರೂ ನೀರು. ಕುಡಿಯುವಾಗ ಸಂತೆಕಲ್ಲೂರು ನೆನಪಾಗುತ್ತದೆ. ಪಂಪ್ ಬಂತೋ ಇಲ್ಲವೋ. ಆ ಕಡೆಯ ಬಸ್ಸಿನ ಕಂಡಕ್ಟರುಗಳನ್ನು ಕೇಳಿದರೆ ಯಾರಿಗೂ ಗೊತ್ತಿಲ್ಲ.

5 ಜನವರಿ 1989

ಮಸ್ಕಿ ಬಸ್ಸಿನ ಕಂಡಕ್ಟರ್ ಮಕ್ತುಮ್‌ಸಾಬ್ ಅಂಗಡಿಗೇ ಹುಡುಕಿಕೊಂಡು ಬಂದ. "ಸಂತೆಕಲ್ಲೂರಾಗ ಕುರಿ ಕಾಯೋ ಮುದುಕಿ ಒಬ್ಬಾಕಿ ದಿನಾ ಬಸ್ ತರುಬಿ ತಲಿ ತಿನ್ನಾಕತ್ಯಾಳ. ಐತವಾರ ಮುಂಜಾನೆ ಜಲ್ದಿ ಬರಬೇಕಂತ. ನೀ ಬರೂ ಮಟ ಪಂಪ್ ಯಾರಿಗೂ ಮುಟ್ಟಗೊಡೂದಿಲ್ಲಂತ. ಹೋಗು ಮಾರಾಯಾ, ನನ್ನ ಬಸ್ ಲೇಟ್ ಆಗಾಕತ್ತೈತಿ."

8 ಜನವರಿ, ಸಂತೆಕಲ್ಲೂರು, ಬೆಳಗ್ಗೆ

ಮೊದಲ ಬಸ್ಸಿಗೇ ಬಂದೆ. ಥಂಡಿ ಅಂದರೆ ಥಂಡಿ. ಹೊಸ ಕೈಪಂಪ್, ಹಸಿರು ಬಣ್ಣ. ಹಿಡಿಗೆ ಬೇವಿನ ಎಲೆ ಕಟ್ಟಿದ್ದಾರೆ. ಸುತ್ತ ಹೆಂಗಸರು, ಸಾಲಾಗಿ ಕೊಡ. ಹೊನ್ನೂರಮ್ಮ ಎಲ್ಲರನ್ನೂ ದೂರ ಸರಿಸಿ ನಿಂತಿದ್ದಳು.

"ನೀ ಹೊಡಿ."

ಹೊಡೆದೆ. ಬಹಳ ಹೊತ್ತು ಬರೀ ಗಾಳಿ. ಆಮೇಲೆ ತುಕ್ಕು ನೀರು, ಆಮೇಲೆ ತಿಳಿ ನೀರು. ಆ ಚಳಿಯಲ್ಲಿ ನೀರಿನ ಮೇಲೆ ಸಣ್ಣಗೆ ಹೊಗೆ ಎದ್ದಿತು. ಹೊನ್ನೂರಮ್ಮ ಕೈಯಿಟ್ಟವಳೇ ಕೂಗಿದಳು.

"ಲೋ ಲಾಲಪ್ಪಾ! ಬೆಚ್ಚಗೈತಲ್ಲೋ! ಇಲ್ಲ ಅಂದ್ಯಲ್ಲೋ!"

ನಾನೂ ಕೈಯಿಟ್ಟೆ. ಹೌದು, ಬೆಚ್ಚಗೆ. ನೀರು ವರ್ಷವಿಡೀ ಹೀಗೇ ಇರುತ್ತದೆ, ಈಗ ಗಾಳಿ ತಣ್ಣಗಿದೆ, ಅದಕ್ಕೆ ಹಾಗನಿಸುತ್ತದೆ ಎಂದೆ. "ಸುಮ್ನಿರು, ಭಾಳ ಶ್ಯಾಣ್ಯಾ" ಎಂದಳು. ಎಲ್ಲರೂ ನಕ್ಕರು. ಅಪ್ಪ ಇದ್ದಿದ್ದರೆ ಅವನೂ ನಗುತ್ತಿದ್ದ.

ಆಕೆ ತಂಬಿಗೆ ತುಂಬಿದಳು. ನಾನು ಅಭ್ಯಾಸದಂತೆ ಬಗ್ಗಿ ಬೊಗಸೆ ಒಡ್ಡಿದೆ. ನೀರು ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ತಂಬಿಗೆಯನ್ನೇ ನನ್ನ ಕಡೆ ಚಾಚಿದ್ದಾಳೆ. ತೆಗೆದುಕೊಂಡು ಕುಡಿಯಲು ಹೋದೆ.

"ಮೊದಲ ನನಗ ಹಾಕು" ಎಂದಳು. ಸೊಸೆಯ ಮುಂದೆ, ಓಣಿಯ ಹೆಂಗಸರೆಲ್ಲರ ಮುಂದೆ, ನನ್ನೆದುರು ಬಗ್ಗಿ ಬೊಗಸೆ ಹಿಡಿದಳು.

ಹಾಕಿದೆ. ಅರ್ಧ ಸೆರಗಿನ ಮೇಲೆ ಬಿತ್ತು. ಗಟಗಟ ಕುಡಿದಳು, ಬಾಯಿ ಒರೆಸಿಕೊಂಡಳು. ತಂಬಿಗೆಯಲ್ಲಿ ಉಳಿದದ್ದನ್ನು ನಾನು ಕುಡಿದೆ. ಒಬ್ಬಾಕೆ ತನ್ನ ಕೊಡ ಹಿಂದಕ್ಕೆ ಎಳೆದುಕೊಂಡಳು. ಸೊಸೆ ತನ್ನದನ್ನು ಮುಂದಕ್ಕೆ ತಳ್ಳಿದಳು.

ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಂಪಿನ ಸದ್ದು ನಿಂತಿದೆ. ಹೊನ್ನೂರಮ್ಮ ಕೂಗುತ್ತಿದ್ದಾಳೆ — "ಏನ್ ಬರೀತಿಯೋ ಅಲ್ಲಿ ಕುಂತು? ರಟ್ಟಿ ಸೋತಾವು, ಬಾ ಇಲ್ಲಿ!" ಬಂದೆ ಎಂದೆ. ಆ ಕೊಡ ಎಳೆದುಕೊಂಡ ಹೆಂಗಸು ಹೋಗಿಲ್ಲ, ಅಲ್ಲೇ ನಿಂತಿದ್ದಾಳೆ. ಈಗ ನಾನು ಹೊಡೆದರೆ ಆಕೆ ಕೊಡ ಒಡ್ಡುತ್ತಾಳೋ ಇಲ್ಲವೋ, ಹೋಗಿ ನೋಡುತ್ತೇನೆ.